ಅಡ್ಡಹೆಸರು ಡಿಝೇಲ್

೯ ಡಿಸೆಂಬರ್ ೧೯೭೩, ಭಾನುವಾರ. ಸೊಲ್ಲಾಪುರ

ಪಂಢರಪುರದವರು ನನ್ನನ್ನು ನೋಡಲು ಬಂದರು, ಉಪ್ಪಿಟ್ಟು ತಿಂದರು, ನಕ್ಕರು, ಹೋದರು.

ನಕ್ಕದ್ದು ಉಪ್ಪಿಟ್ಟಿಗಲ್ಲ, ನನಗೂ ಅಲ್ಲ, ಮನೆತನದ ಹೆಸರಿಗೆ. ಹುಡುಗನ ಸೋದರಮಾವ ಅಪ್ಪನನ್ನು ಕೇಳಿದರು: "ಕಲ್ಯಾಣಪ್ಪ, ನಿಮ್ಮ ಅಡ್ಡಹೆಸರ ಖರೇನ ಡಿಝೇಲ್ ಅಂತ ಐತೋ, ಮಂದಿ ಚಾಷ್ಟಿ ಮಾಡ್ತಾರೋ?"

"ಖರೇನ ಐತ್ರಿ."

"ಹಂಗಾರ ನಾ ಬೀಡಿ ಹೊರಗ ಹೋಗಿ ಹಚ್ಚತೀನಿ. ನಿಮ್ಮ ಮನ್ಯಾಗ ಕಡ್ಡಿ ಕೊರಿಯೂದು ಧೋಕಾ."

ಹುಡುಗ ಎಲ್ಲರಿಗಿಂತ ಜೋರಾಗಿ ನಕ್ಕ. ಅವನಿಗೆ ಬೇರೆ ಯಾವ ದೋಷವೂ ಇರಲಿಲ್ಲ ಎಂದು ಇಲ್ಲಿ ದಾಖಲಿಸಬೇಕು.

ಇದಕ್ಕೆಲ್ಲ ಕಾರಣ ತೀರಿಹೋದ ಅಜ್ಜ ಶಂಕರೆಪ್ಪ. ಅಕ್ಕಲಕೋಟೆಯ ಕಡೆಯ ಹಳ್ಳಿಗಳಿಗೆ ಮೊದಲು ಡೀಸೆಲ್ ಎಂಜಿನ್ ಮಾರಿದವರು ಅವರು. ಅದಕ್ಕೂ ಮುಂಚೆ ನಾವು ಬೆಲ್ಲ ಮಾರುತ್ತಿದ್ದೆವು, ಬೆಲ್ಲದ ಎನ್ನಿಸಿಕೊಂಡಿದ್ದೆವು. ನಮ್ಮ ಕಡೆ ಮಾರಿದ ಸಾಮಾನೇ ಮನೆತನದ ಹೆಸರಾಗುತ್ತದೆ. ಉಪ್ಪಿನವರಿದ್ದಾರೆ, ಎಣ್ಣಿಯವರಿದ್ದಾರೆ, ಮೆಣಸಿನಕಾಯಿಯವರೂ ಇದ್ದಾರೆ, ಯಾರೂ ನಗುವುದಿಲ್ಲ. ಅಜ್ಜ ಸಾಮಾನು ಬದಲಿಸಿದರು, ಮಂದಿ ಹೆಸರು ಬದಲಿಸಿದರು. ಶಾಲೆಯ ಹಾಜರಿಯಲ್ಲಿ ನಾನು ಡಿಝೇಲ್ ನೀಲಗಂಗಾ ಕಲ್ಯಾಣಪ್ಪ. ವಾಚನಾಲಯದ ಚೀಟಿಯ ಮೇಲೆ ‘ನೀ. ಕ.’ ಎಂದಷ್ಟೇ ಬರೆಯುತ್ತೇನೆ. ಆದರೂ ಅಲ್ಲಿಯ ಗುಮಾಸ್ತರು ಆ ತುದಿಯಿಂದ, "ಡಿಝೇಲ್ ಬಾಯಿ, ತುಮಚಂ ಪುಸ್ತಕ ಆಲಂ!" ಎಂದು ಮರಾಠಿಯಲ್ಲಿ ನನ್ನ ಪುಸ್ತಕ ಬಂದ ಸುದ್ದಿ ಕೂಗುತ್ತಾರೆ. ಓದುತ್ತ ಕುಳಿತ ಎಲ್ಲರೂ ತಲೆ ಎತ್ತುತ್ತಾರೆ. ನಾನೂ ಬೇರೆ ಯಾರನ್ನೋ ಕರೆದರೆಂಬಂತೆ ತಲೆ ಎತ್ತಿ ಸುತ್ತ ನೋಡುತ್ತೇನೆ.

(ಈ ದಿನಚರಿಯಲ್ಲಿ ಎಣ್ಣೆಗೆ ಡೀಸೆಲ್ ಎಂದೂ ನಮಗೆ ಡಿಝೇಲ್ ಎಂದೂ ಬರೆಯುತ್ತೇನೆ. ಎರಡೂ ಒಂದೇ ಆಗುವುದು ನನಗೆ ಬೇಡ.)

ಪಂಢರಪುರದವರ ಟಾಂಗಾ ತಿರುವು ದಾಟಿದ ಕೂಡಲೇ ತಮ್ಮ ಬಸಣ್ಣ ಘೋಷಿಸಿದ: "ಇನ್ನ ಸಾಕು. ಸಂಕ್ರಾಂತಿಗೆ ಅಂಗಡಿಗೆ ಹೊಸ ಬೋರ್ಡ್. ಬೆಲ್ಲದ ಅಂಡ್ ಸನ್ಸ್. ಒಮ್ಮೆ ಬೋರ್ಡ್ ಏರಿತಂದ್ರ ವರ್ಷದಾಗ ಮಂದಿ ಬಾಯಿನೂ ಬದಲಾಗತಾವ."

ಅಪ್ಪ ಹೇಳಿದರು, "ಅಕ್ಕನ ಲಗ್ನದ ಸಲುವಾಗಿ ಅಂತೀದಿ. ನೀಲಾ ಹೂಂ ಅಂದ್ರ ಏರಿಸು. ನಂದೇನಿಲ್ಲ."

ಅವರ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದೆ.

ಅಕ್ಕನಾಗಮ್ಮಜ್ಜಿ, ಅಜ್ಜನ ಹೆಂಡತಿ, ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. "ಹೆಸರಂದ್ರ ಕುಬಸ ಏನೋ, ಹೊಲಸಾತಂತ ಕಳದ ಒಗ್ಯಾಕ?" ಎಂದಳು.

೧೪ ಡಿಸೆಂಬರ್, ಶುಕ್ರವಾರ

ಒಂದೇ ವಾರದಲ್ಲಿ ಅಪ್ಪನಿಗೂ ಎಂಜಿನ್ನುಗಳಿಗೂ ಎಣ್ಣೆ ಬಂದ್. ಅಪ್ಪನಿಗೆ ಕಾಮಾಲೆ, ವೈದ್ಯರು ಒಗ್ಗರಣೆ ಸಹ ಕೂಡದು ಎಂದಿದ್ದಾರೆ. ಡೀಸೆಲ್ಲನ್ನು ಅರಬರು ನಿಲ್ಲಿಸಿದ್ದಾರೆ ಎಂದು ಪತ್ರಿಕೆ ಹೇಳುತ್ತದೆ. ಬಸಣ್ಣ ದಿನವಿಡೀ ಟ್ಯಾಂಕರಿನ ಹಿಂದೆ ಅಲೆಯುತ್ತಾನೆ. ಹಾಗಾಗಿ ಎಂಜಿನ್ನೂ ಡೀಸೆಲ್ಲೂ ಮಾರುವ ನಮ್ಮ ಅಂಗಡಿಯ ಗಲ್ಲೆಯ ಮೇಲೆ ನಾನು.

ನೋಡಲು ಮಜಾ ಇದೆ. ಹಳ್ಳಿಯವರು ಬೆಳಗ್ಗೆ ಮಿಲ್ಲಿನ ಭೋಂಗಾ ಕೂಗುವ ಮೊದಲೇ ಬಂದು ಡಬ್ಬಿಗಳನ್ನು ಸಾಲಾಗಿ ಇಟ್ಟು ಚಹಾಕ್ಕೆ ಹೋಗುತ್ತಾರೆ. ಪಾಳಿ ಡಬ್ಬಿಯದು, ಮನುಷ್ಯನದಲ್ಲ. ಯಾರ ಡಬ್ಬಿಯನ್ನಾದರೂ ಯಾರಾದರೂ ಸರಿಸಿದರೆ ಊರಿಗೆ ಊರೇ ಜಗಳಕ್ಕೆ ನಿಲ್ಲುತ್ತದೆ.

ಇಂದು ಒಬ್ಬ ಮಾತ್ರ ಚಹಾಕ್ಕೆ ಹೋಗದೆ ತನ್ನ ಡಬ್ಬಿಯ ಮೇಲೇ ಕುಳಿತಿದ್ದ. ಹನ್ನೂರಿನ ಬಂಡೆಪ್ಪ. ದೊಡ್ಡ ಹೊಲವಂತೆ, ಬಾವಿಯ ಮೇಲೆ ಎಂಜಿನ್, ಗೋಧಿ ಹಾಕಿದ್ದಾನೆ. ಬಹಳ ಹೊತ್ತು ನನ್ನನ್ನಲ್ಲ, ನನ್ನ ಪುಸ್ತಕವನ್ನು ನೋಡಿದ.

"ಏನ್ರಿ ಬಾಯಾರ ಅದು?"

"ಕಾದಂಬರಿ. ರಷ್ಯಾದ್ದು. ಮರಾಠಿಗೆ ಭಾಷಾಂತರ ಮಾಡ್ಯಾರ."

"ಎಷ್ಟ ಮಂದಿ ಅದಾರ ಅದರಾಗ?"

ಇಷ್ಟು ನಿಖರವಾದ ಪ್ರಶ್ನೆಯನ್ನು ಕಾದಂಬರಿಯ ಬಗ್ಗೆ ನನಗೆ ಯಾರೂ ಕೇಳಿರಲಿಲ್ಲ. "ಭಾಳ ಮಂದಿ. ಒಬ್ಬೊಬ್ಬರಿಗೆ ಮೂರ ಮೂರ ಹೆಸರ," ಎಂದೆ.

"ನಮ್ಮೂರಾಗೂ ಹಂಗ ಐತಿ ತಗೋರಿ. ಸಾಲ್ಯಾಗ ಒಂದ, ಮನ್ಯಾಗ ಒಂದ, ಬೈಯೂ ಮುಂದ ಒಂದ." ಆಮೇಲೆ ‘ಡಿಝೇಲ್’ ಎಂದಿದ್ದ ಅಂಗಡಿಯ ಬೋರ್ಡಿನ ಕಡೆ ತಲೆಯೆತ್ತಿ ಹೇಳಿದ, "ನಿಮ್ಮ ಅಜ್ಜಾರು ದೊಡ್ಡ ಮನಶ್ಯಾರ. ಹಂತಾ ಇಂಜಿನ್ ತಯಾರ ಮಾಡಿ ತಮ್ಮ ಹೆಸರು ಇಟ್ರು. ನಮ್ಮ ಕಡಿ ಮಂದಿ ಒಂದ ಕಟ್ಟಿ ಕಟ್ಟಿಸಿದ್ರ ನಾಕ ಕಡೆ ಹೆಸರ ಕೆತ್ತಿಸ್ತಾರ."

"ಅಜ್ಜ ತಯಾರ ಮಾಡಿಲ್ಲ, ಮಾರ್ಯಾರ. ಹೆಸರ ಎಂಜಿನ್ನಿಂದ ನಮಗ ಬಂದೈತಿ. ನಮ್ಮಿಂದ ಎಂಜಿನ್ನಿಗೆ ಹೋಗಿಲ್ಲ."

"ಹನ್ನೂರಾಗ ಎಲ್ಲಾರೂ ಹಂಗ ಅಂತಾರಲ್ರಿ. ಕರಜಗ್ಯಾಗೂ."

"ಎಲ್ಲಾರೂ ತಪ್ಪ ಅಂತಾರ."

ಅವನು ಸ್ವಲ್ಪವೂ ಮುಖ ಸಣ್ಣ ಮಾಡಲಿಲ್ಲ. "ಹಂಗಾರ ಯಾರ ಮಾಡ್ಯಾರ? ಡಿಝೇಲ್ ಅಂದ್ರ ಏನ?"

ಇಪ್ಪತ್ತೈದು ವರ್ಷದಿಂದ ಆ ಹೆಸರು ಹೊತ್ತಿದ್ದೇನೆ. ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ಯಾರೋ ಯಾರದೋ ಡಬ್ಬಿ ಸರಿಸಿದರು.

೧೬ ಡಿಸೆಂಬರ್, ಭಾನುವಾರ

ಡೀಸೆಲ್ ಒಬ್ಬ ಮನುಷ್ಯ.

ವಾಚನಾಲಯದ ದೊಡ್ಡ ಇಂಗ್ಲಿಷ್ ನಿಘಂಟನ್ನು ಇಳಿಸಿಕೊಂಡು ನೋಡಿದೆ. ಅಲ್ಲಿ ಮೊದಲು ಒಂದು ಬಗೆಯ ಎಂಜಿನ್. ಆಮೇಲೆ ಆ ಎಂಜಿನ್ ಕುಡಿಯುವ ಎಣ್ಣೆ. ಆಮೇಲೆ ಅದರಿಂದ ಓಡುವ ರೈಲು, ಲಾರಿ, ಏನಿದ್ದರೂ ಸರಿ, ಅದನ್ನೂ ಇಂಗ್ಲಿಷಿನವರು ಡೀಸೆಲ್ ಎಂದೇ ಅನ್ನುತ್ತಾರೆ. ಎಲ್ಲ ಮುಗಿದ ಮೇಲೆ, ಕೊಟ್ಟಕೊನೆಗೆ, ಇರುವೆಯಂಥ ಅಕ್ಷರದಲ್ಲಿ: ಜರ್ಮನ್ ಎಂಜಿನಿಯರ್ ಒಬ್ಬನ ಅಡ್ಡಹೆಸರಿನಿಂದ. ಇಂಗ್ಲಿಷಿನಲ್ಲಿ ಮನುಷ್ಯನ ಹೆಸರಿಗೆ ಮೊದಲಕ್ಷರ ದೊಡ್ಡದು, ಸಾಮಾನಿಗೆ ಚಿಕ್ಕದು. ಇವನದನ್ನು ಚಿಕ್ಕದು ಮಾಡಿಬಿಟ್ಟಿದ್ದಾರೆ. ಉಪ್ಪು, ಮೆಣಸಿನಕಾಯಿಯ ಸಾಲಿಗೆ ಸೇರಿಸಿದ್ದಾರೆ.

ಅಂದರೆ ಅಲ್ಲಿ ಮನುಷ್ಯನಿಂದ ಹೆಸರು ಸಾಮಾನಿಗೆ ಹೋಯಿತು. ಇಲ್ಲಿ ಸಾಮಾನಿನಿಂದ ನಮಗೆ ಬಂತು. ಹನ್ನೂರಿನವರು ಅರ್ಧ ಸರಿ. ಎಂಜಿನ್ನಿಗೆ ಅದನ್ನು ಮಾಡಿದವನ ಹೆಸರೇ ಇದೆ, ಅವನು ಶಂಕರೆಪ್ಪನಲ್ಲ ಅಷ್ಟೇ.

ವಿಶ್ವಕೋಶವನ್ನೂ ಓದಿದೆ. ಕಿಡಿಯಿಲ್ಲದೆ, ಗಾಳಿಯನ್ನು ಅದುಮಿ ಅದುಮಿಯೇ ಬಿಸಿ ಮಾಡಿ ಎಣ್ಣೆಗೆ ಬೆಂಕಿ ತಗುಲಿಸುವ ಎಂಜಿನ್ ಅವನದು. ೧೯೧೩ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟವನು ಊಟ ಮುಗಿಸಿ ಕೋಣೆಗೆ ಹೋದ. ಬೆಳಗ್ಗೆ ಅವನಿರಲಿಲ್ಲ. ಮೇಲಂಗಿ ಅಚ್ಚುಕಟ್ಟಾಗಿ ಮಡಿಸಿಟ್ಟದ್ದು ಸಿಕ್ಕಿತಂತೆ.

ಇದನ್ನು ಬರೆಯುವಾಗ ತಲೆಯ ಮೇಲಿನ ದೀಪ ನೋಡಿದೆ. ನಲವತ್ತು ವ್ಯಾಟಿನದು. ವ್ಯಾಟ್ ಎಂಬುದೂ ಒಬ್ಬ ಎಂಜಿನಿಯರನ ಅಡ್ಡಹೆಸರೆಂದು ಅದೇ ನಿಘಂಟು ಹೇಳಿತ್ತು. ಈ ಕೋಣೆಯಲ್ಲಿ ಒಬ್ಬಳೇ ಇದ್ದೇನೆ ಎಂದುಕೊಂಡಿದ್ದೆ.

೧೯ ಡಿಸೆಂಬರ್, ಬುಧವಾರ

ಬಂಡೆಪ್ಪ ಬಂದಿದ್ದ. ಡೀಸೆಲ್ ಬಂದಿರಲಿಲ್ಲ. ನಾನು ತಪ್ಪು ತಿದ್ದುವ ಕರ್ತವ್ಯದಿಂದಷ್ಟೇ ಅವನಿಗೆ ಎಲ್ಲ ಹೇಳಿದೆ.

ಹಡಗಿನ ವಿಷಯಕ್ಕೆ ಅವನು ತಲೆಯ ಮೇಲಿನ ಟೋಪಿ ತೆಗೆದ. ಒಳಬಾಗಿಲಲ್ಲಿ ಕುಳಿತಿದ್ದ ಅಜ್ಜಿ, "ಹೆಣಾ ಸಿಕ್ಕಿತೇನವಾ?" ಎಂದಳು.

"ಹತ್ತ ದಿನಕ್ಕ ಒಂದ ಹಡಗಿನವರಿಗೆ ಸಿಕ್ಕಿತ್ತಂತ. ಕಿಸೆದಾಗಿನ ಸಾಮಾನಷ್ಟ ತಗೊಂಡು ಮತ್ತ ಸಮುದ್ರಕ್ಕ ಬಿಟ್ರಂತ."

"ಅಯ್ಯ ಶಿವನ! ಮಣ್ಣಿಲ್ಲ, ದಿವಸಿಲ್ಲ. ಹಂಗ ಅಲೀತಿರಬೇಕು ಬಿಡು." ಅಜ್ಜಿ ದಿನವಿಡೀ ಅದನ್ನೇ ಅಂದಳು.

ಬಂಡೆಪ್ಪನಿಗೆ ಹಿಡಿಸಿದ್ದು ಬೇರೆ ಸಂಗತಿ. ೧೯೦೦ರಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ಪ್ರದರ್ಶನದಲ್ಲಿ ಈ ಎಂಜಿನ್ನನ್ನು ಶೇಂಗಾ ಎಣ್ಣೆಯ ಮೇಲೆ ಓಡಿಸಿ ತೋರಿಸಿದ್ದರು.

"ಶೇಂಗಾ? ನಮ್ಮ ಶೇಂಗಾ?"

"ಶೇಂಗಾ ಅಂದ್ರ ಶೇಂಗಾ. ಯಾರದಂತ ಬರ್ದಿಲ್ಲ."

"ಛಲೋ ಓಡಿತೇನು?"

"ನೋಡಿದವರಿಗೆ ಫರಕ್ಕೇ ತಿಳೀಲಿಲ್ಲಂತ."

ಅವನು ಖಾಲಿ ಡಬ್ಬಿಯನ್ನು ಎತ್ತಿಕೊಂಡು, ತುಂಬಿದ ಡಬ್ಬಿ ಒಯ್ಯುವವನಂತೆ ಜೋಪಾನವಾಗಿ ನಡೆದುಹೋದ.

೨ ಜನವರಿ ೧೯೭೪, ಬುಧವಾರ

ಟ್ಯಾಂಕರ್ ಇಲ್ಲ. ಅಪ್ಪನಿಗೆ ವಾಸಿಯಾಗುತ್ತಿದೆ, ಸಿಟ್ಟು ಬರುತ್ತಿದೆ. ಹನ್ನೂರಿನಿಂದ ಯಾರೂ ಬಂದಿಲ್ಲ. ಕರಜಗಿಯಿಂದ, ಸಲಗರದಿಂದ ಬಂದಿದ್ದಾರೆ, ಹನ್ನೂರಿನಿಂದ ಮಾತ್ರ ಇಲ್ಲ. ಕಾದಂಬರಿಯಲ್ಲಿ ಒಂದೇ ಪುಟವನ್ನು ಮೂರು ಸಲ ಓದಿದೆ, ಭಾಷಾಂತರ ಚೆನ್ನಾಗಿಲ್ಲ.

೧೦ ಜನವರಿ, ಗುರುವಾರ

ಬಂದ. ಡಬ್ಬಿಯಿಲ್ಲದೆ ಬಂದ. ಅಂಗಡಿಯ ಮುಂದೆ ನಿಂತು ಎರಡು ನಿಮಿಷ ನಕ್ಕ.

"ಓಡಿತ್ರಿ," ಎಂದ ಕಡೆಗೆ.

ತಳದಲ್ಲಿ ಉಳಿದಿದ್ದ ಡೀಸೆಲ್ ಮೇಲೆ ಎಂಜಿನ್ ಶುರು ಮಾಡಿದನಂತೆ. ಬಿಸಿಯಾದ ಮೇಲೆ ಶೇಂಗಾ ಎಣ್ಣೆಗೆ ತಿರುಗಿಸಿದ. ಅದು ಒಂದು ಸಲ ಕೆಮ್ಮಿತು, ಆಮೇಲೆ ಹಾಡುತ್ತ ಓಡಿತು. ಆದರೆ ಹೊಗೆ! "ಇಡೀ ಅಡವಿ ಭಜಿ ಕರದಂಗ ವಾಸನಿ ಬಾಯಾರ! ಸಾಲಿ ಬಿಟ್ಟ ಹುಡುಗೂರು ಸೀದಾ ಬಾಂವಿಗಿ ಬಂದ್ವು. ಮಾಸ್ತರು ಸೈಕಲ್ ನಿಂದರ್ಸಿ, ಯಾರ ಮನ್ಯಾಗ ಲಗ್ನ ಅಂದ್ರು. ಒಬ್ಬಾಂವಂತೂ ರೊಟ್ಟಿ ಕಟಗೊಂಡ ಬಂದಿದ್ದ."

ಗೋಧಿಗೆ ಒಂದು ನೀರು ಪೂರ್ತಿ ಆಯಿತು. ಎಂಜಿನ್ನಿನ ಮೂಗಿಗೆ ಜಿಡ್ಡು ಕಟ್ಟಿದೆ, ಬಿಚ್ಚಿ ತೊಳೆಯಬೇಕು, ಅಷ್ಟೇ.

"ಎಣ್ಣಿ ಎಲ್ಲಿಂದ ತಂದ್ರಿ?" ಎಂದೆ.

ಅವನ ನಗು ನಿಂತಿತು. ವರ್ಷಕ್ಕೆಂದು ಗಾಣದಿಂದ ತಂದಿಟ್ಟ ಎಣ್ಣೆ. ತಾಯಿ ಗುರುಲಿಂಗಮ್ಮನವರು ತವರಿಗೆ ಹೋದಾಗ ಸಾಧಿಸಿದ ಕೆಲಸ. ಅವರು ಬಂದು ಮುಚ್ಚಳ ತೆಗೆದು ನೋಡಿದರು. "ಅವತ್ತಿನಿಂದ ನಮ್ಮವ್ವ ನೆಟ್ಟಗ ಮಾತಾಡಿಲ್ರಿ. ಚಟ್ನಿ ಮ್ಯಾಲ ಎಣ್ಣಿ ಹಾಕಂದ್ರ, ‘ಬಾಂವ್ಯಾಗ ಐತಿ, ಹೋಗಿ ತೊಯ್ಸಿಕೊಂಡ ತಿನ್ನು’ ಅಂತಾಳ. ನಿನಗ ಯಾರ ಹೇಳ್ಯಾರ ಈ ಶ್ಯಾಣ್ಯಾತನ ಅಂದ್ಲು."

"ಏನಂದ್ರಿ?"

"ಖರೇದನ ಹೇಳ್ದೆ. ಡಿಝೇಲ್ ಬಾಯಾರು ಹೇಳ್ಯಾರಂದೆ."

ನಾನು ಬರೇ ಇತಿಹಾಸ ಹೇಳಿದ್ದೆ, ಸಲಹೆ ಕೊಟ್ಟಿರಲಿಲ್ಲ. ಈ ವ್ಯತ್ಯಾಸವನ್ನು ಗುರುಲಿಂಗಮ್ಮನವರು ಗಮನಿಸುತ್ತಾರೆಂದು ನನಗೆ ಅನ್ನಿಸುವುದಿಲ್ಲ.

೨೦ ಜನವರಿ, ಭಾನುವಾರ

ಗಮನಿಸಲಿಲ್ಲ.

ಗುರುಲಿಂಗಮ್ಮನವರು ಅಕ್ಕಲಕೋಟೆಯ ಮೊದಲ ಎಸ್.ಟಿ. ಬಸ್ಸಿಗೆ ಬಂದಿಳಿದು, ನೀರು ಸಹ ಮುಟ್ಟದೆ, "ಯಾಕಿ ಅಕಿ? ಪುಸ್ತಕ ಓದಿ ನನ್ನ ಡಬ್ಬಿ ಖಾಲಿ ಮಾಡಿದಾಕಿ?" ಎಂದರು. ಬಂಡೆಪ್ಪ ಹಿಂದೆ ನಿಂತು ನಮ್ಮ ಗಡಿಯಾರ ನೋಡುತ್ತಿದ್ದ.

ನಾನೇ ಎಂದೆ.

"ಅದೆಲ್ಲೋ ಇಂಜಿನ್ನಿಗಿ ಶೇಂಗಾ ಎಣ್ಣಿ ಕುಡಿಸಿದ್ರಂತಲ್ಲ, ಅದೆಲ್ಲಿ ಐತಿ ಊರು?"

"ಪ್ಯಾರಿಸ್."

"ಗುಲಬರ್ಗಾದ ಆಚೀಕೇನ?"

"ಭಾಳ ಆಚೀಕ್ರಿ."

"ಅಲ್ಲಿ ಹೆಂಗಸರು ಎಣ್ಣಿ ಹೂಂ ಅಂತ ಕೊಟ್ರೋ, ಕದ್ದ ಒಯ್ದ್ರೋ?"

"ಗೊತ್ತಿಲ್ರಿ. ಪುಸ್ತಕದಾಗ ಬರ್ದಿಲ್ಲ."

"ಬರದಾಂವ ಗಂಡಸಿರಬೇಕ, ಅದಕ್ಕ." ಆಗ ಕುಳಿತರು. ನೀರು ಕುಡಿದರು. ನನ್ನನ್ನು ಅಂಗಡಿಯ ಸಾಮಾನಿನಂತೆ ಮೇಲೆ ಕೆಳಗೆ ನೋಡಿದರು. ಅಜ್ಜಿಗೆ ಹೇಳಿದರು, "ಏನರೇ ಅನ್ರಿ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತಾಳ ಈ ಪೋರಿ. ನಮ್ಮ ಕಡಿ ಓದಿದವರು ಹಂಗ ಅನ್ನೂದಿಲ್ಲ." ಆಮೇಲೆ ಸಾಲ ತೀರಿಸುವವರಂತೆ, "ಗೋದಿ ಹಸರ ನಿಂತಾವ. ಅದೂ ಹೇಳಬೇಕಲ್ಲ," ಎಂದರು.

ಆಮೇಲಿನದನ್ನು ಹೇಗೆ ಬರೆಯಬೇಕೋ ತಿಳಿಯದು. ಊಟದ ಹೊತ್ತಿಗೆ ಅದು ಜಗಳವಾಗಿತ್ತು, ಮಜ್ಜಿಗೆಯ ಹೊತ್ತಿಗೆ ಹೆಣ್ಣು ನೋಡುವ ಶಾಸ್ತ್ರವಾಗಿತ್ತು. ಬಸಣ್ಣ ಗಡಿಬಿಡಿಯಿಂದ, ನಾವು ಬೆಲ್ಲದ ಎಂದು ಹೆಸರು ಬದಲಿಸುತ್ತಿದ್ದೇವೆ, ಚಿಂತೆ ಬೇಡ ಎಂದ. ಗುರುಲಿಂಗಮ್ಮನವರು ಅವನನ್ನು ಒಂದು ನಮೂನೆ ನೋಡಿದರು. "ಯಾಕ? ಡಿಝೇಲ್ ಮನಿ ಹೆಣ್ಣ ತಂದೆ ಅಂದ್ರ ನಮ್ಮೂರಾಗ ನಾಕ ಮಂದಿ ತಿರುಗಿ ನೋಡತಾರ. ಬೆಲ್ಲಾ ಎಲ್ಲಾರ ಮನ್ಯಾಗೂ ಐತಿ."

ಒಂದು ಷರತ್ತು ಮಾತ್ರ. ಮದುವೆಯಲ್ಲಿ ನನ್ನ ಹೆಸರು ಬದಲಾಗಬೇಕು. ಅವರ ಮನೆಯಲ್ಲಿ ಸೊಸೆಗೆ ತೀರಿಹೋದ ಹಿರಿಯಳ ಹೆಸರಿಡುತ್ತಾರೆ. ಗುರುಲಿಂಗಮ್ಮನವರ ಅತ್ತೆ ಸೋನಾಬಾಯಿ. "ಅತ್ತಿ ಹೆಸರ ಮನಿ ಬಿಟ್ಟ ಹೋಗಬಾರದು." ಆಗಲಿ ಎಂದು ತಲೆಯಾಡಿಸಿದೆ. ಬಂಡೆಪ್ಪ ಗಡಿಯಾರ ಬಿಟ್ಟು ಮೊದಲ ಸಲ ನನ್ನನ್ನು ನೋಡಿದ.

೧೭ ಫೆಬ್ರುವರಿ, ಭಾನುವಾರ

ಹೊಸ ಬೋರ್ಡು ಬಂದಿದೆ. 'ಬೆಲ್ಲದ ಅಂಡ್ ಸನ್ಸ್', ಕೆಂಪು ನೆಲ, ಹಳದಿ ಅಕ್ಷರ. ಗೋಡೆಯ ಕಡೆ ಮುಖ ಮಾಡಿ ಒರಗಿಸಿಟ್ಟಿದ್ದೇವೆ. ಅಪ್ಪ, "ಹಳ್ಳಿ ಮಂದಿ ಎಣ್ಣಿ ಇಲ್ಲದ ಹುಚ್ಚಾಗ್ಯಾರ. ಈಗ ಅಂಗಡಿನೂ ಕಾಣ್ಲಿಲ್ಲಂದ್ರ ಅಳತಾರ. ಎಣ್ಣಿ ಕೊರತಿ ಮುಗೀಲಿ, ದಸರಾಕ್ಕ ಏರಿಸು," ಎಂದರು. ಬಸಣ್ಣನಿಗೆ ಬೇಸರ.

ನಾನು ವಾಚನಾಲಯದಲ್ಲಿ ಅಮೆರಿಕದ ನಿಘಂಟೊಂದನ್ನು ನೋಡಿದೆ, ಬರೇ ಹೋಲಿಕೆಗೆ. ಅವರು ಡೀಸೆಲ್ ಎಂಬುದನ್ನು ಕ್ರಿಯಾಪದವನ್ನಾಗಿಯೂ ಮಾಡಿಕೊಂಡಿದ್ದಾರೆ. ಮೋಟಾರಿನ ಕೀಲಿ ತಿರುಗಿಸಿ ಬಂದ್ ಮಾಡಿದ ಮೇಲೂ ಎಂಜಿನ್ ಒಮ್ಮೊಮ್ಮೆ ತನ್ನಷ್ಟಕ್ಕೆ ಓಡುತ್ತಲೇ ಇರುತ್ತದಂತೆ. ಹಾಗೆ ಓಡುವುದಕ್ಕೆ ಡೀಸೆಲ್ ಮಾಡುವುದು ಎನ್ನುತ್ತಾರೆ.

ಪುಸ್ತಕ ಮುಚ್ಚಿದೆ. ಗುಮಾಸ್ತರು, "ಡಿಝೇಲ್ ಬಾಯಿ, ಬಂದ್ ಕರಾಯಚಂ ಆಹೇ!" ಎಂದು, ಮುಚ್ಚುವ ಹೊತ್ತಾಯಿತೆಂದು ಕೂಗಿದರು. "ಆಲೇ!" ಎಂದು ಕೂಗಿ ಎದ್ದೆ.

೧೪ ಮೇ, ಮಂಗಳವಾರ. ಹನ್ನೂರ

ಭಾನುವಾರ ಮದುವೆಯಾಯಿತು. ರೈಲು ಮುಷ್ಕರದಿಂದ ಹುಬ್ಬಳ್ಳಿಯವರು ಯಾರೂ ಬರಲಿಲ್ಲ, ಹೋಳಿಗೆ ಉಳಿಯಿತು. ದಿಬ್ಬಣ ಬಂದದ್ದು ಲಾರಿಯಲ್ಲಿ. ಲಾರಿಗೆ ಎಣ್ಣೆ ಹೊಂದಿಸಿದ್ದು ಬಸಣ್ಣ. ಆ ಲಾರಿಯನ್ನು ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಬಂಡೆಪ್ಪನಿಗೆ ಹೇಳಿದೆ. "ಎಲ್ಲಾ ನಿಮ್ಮ ಮನೆಯವರ," ಎಂದರು. (ಇನ್ನು ‘ಇವರು’ ಎಂದೇ ಬರೆಯಬೇಕು.)

ತಾಟಿನಲ್ಲಿ ಅಕ್ಕಿ ಹರವಿದರು. ಇವರು ಉಂಗುರದಿಂದ ಅದರ ಮೇಲೆ ನನ್ನ ಹೊಸ ಹೆಸರು ಬರೆದರು: ಸೋನಾಬಾಯಿ. ಅಕ್ಷರ ದುಂಡಗಿತ್ತು, ದೀರ್ಘ ತಪ್ಪಿರಲಿಲ್ಲ. ನಾನು ಅದನ್ನು ಓದಿದೆ, ಯಾರದೋ ಪುಸ್ತಕದ ಮೇಲಿನ ಹೆಸರು ಓದಿದಂತೆ. ಸ್ವಲ್ಪ ಹೊತ್ತಿಗೆ ಅಡಿಗೆಯವಳು ಮುಕ್ತಾಬಾಯಿ ಬಂದು, ಅಕ್ಕಿ ಕಡಿಮೆ ಬಿದ್ದಿದೆ ಎಂದು ತಾಟು ಎತ್ತಿಕೊಂಡು ಹೋದಳು. ಸೋನಾಬಾಯಿ ಅನ್ನವಾಯಿತು.

೨೩ ಜುಲೈ, ಮಂಗಳವಾರ

ಸೋನಾಬಾಯಿ ಎಂದು ನನ್ನನ್ನು ಈ ಊರಲ್ಲಿ ಯಾರೂ ಕರೆದಿಲ್ಲ. ಇವರು ನೀಲಾ ಎನ್ನುತ್ತಾರೆ, ಅದೂ ಬಾವಿಯ ಹತ್ತಿರ ಮಾತ್ರ. ಉಳಿದವರೆಲ್ಲ ಡಿಝೇಲ್ ಬಾಯಿ. ಹೆಸರಿಡಿಸಿದ ಅತ್ತೆಯೇ ನಿನ್ನೆ ಅಂಗಳದಿಂದ ಕೂಗಿದರು, "ಏ ಡಿಝೇಲ್ ಬಾಯಿ, ಎಣ್ಣಿ ಡಬ್ಬಿ ಎಲ್ಲಿಟ್ಟಿ?" ಕೂಗಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. "ಹೋಗ್ಲಿ ಬಿಡು. ನಮ್ಮತ್ತಿನೂ ಜೋರಿನಾಕಿ ಇದ್ಲು, ನಿನ್ನ ಜೋಡಿ ಹೊಂದತಿರ್ಲಿಲ್ಲ," ಎಂದರು. ಎಣ್ಣೆ ಡಬ್ಬಿಗೆ ಈಗ ಬೀಗವಿದೆ. ಕೀಲಿ ನನ್ನ ಹತ್ತಿರ.

ಇಂದು ಕರಜಗಿಗೆ ಹೋಗಿದ್ದೆವು. ಕುರಿ ಕಾಯುವ ಕಲ್ಲಣ್ಣ ಎಂಬ ಮುದುಕರು ಬಂದು, "ನಿಮ್ಮ ಅಜ್ಜನ ಇಂಜಿನ್ನಿಂದ ನಮ್ಮೂರು ನೀರು ಕಂಡಿತು ತಾಯಿ," ಎಂದರು. ನಾನು ಬಿಡುತ್ತೇನೆಯೇ? ಜರ್ಮನಿಯಿಂದ ಹಡಗಿನ ತನಕ ಎಲ್ಲ ಹೇಳಿದೆ. ಅವರು ಕೋಲಿಗೆ ಗದ್ದ ಊರಿ ಕೇಳಿದರು.

"ಹಂಗಾರ ಅಂವ ನಿಮಗ ಏನಾಗಬೇಕು?"

"ಏನೂ ಆಗೂದಿಲ್ಲ."

"ಒಂದ ಅಡ್ಡಹೆಸರ ಅಂತೀರಿ, ಏನೂ ಆಗೂದಿಲ್ಲಂದ್ರ ಹೆಂಗ?"

ವಾಪಸು ಬರುವಾಗ ಎಸ್.ಟಿ.ಯಲ್ಲಿ ಇದಕ್ಕೆ ನಿಖರವಾದ ಉತ್ತರ ಯೋಚಿಸುತ್ತಿದ್ದೆ. ಹನ್ನೂರ ಬಂತು.

೬ ಅಕ್ಟೋಬರ್, ಭಾನುವಾರ

ಬಸಣ್ಣ ಬಂದಿದ್ದ. ಎಣ್ಣೆಯ ಕೊರತೆ ಕಡಿಮೆಯಾಗಿದೆ, ದಸರೆಗೆ ಬೋರ್ಡು ಏರಿಸುತ್ತಾನೆ. ಹಳೆಯದನ್ನು ಏನು ಮಾಡುತ್ತೀ ಎಂದೆ. "ತಗಡ ಗಟ್ಟಿ ಐತಿ. ಕೋಳಿ ಗೂಡಿಗೆ ಕೇಳ್ಯಾನ ಬಾಜೂದಾಂವ," ಎಂದ.

ಅಪ್ಪ ಏನೆಂದರು?

"ಅಪ್ಪ ಅದ ಹಾಡ. ‘ನೀಲಾ ಹೂಂ ಅಂದಾಳ, ಅಕಿ ಹೂಂ ಅಂದದ್ದಕ್ಕ ನಾ ಹೂಂ’ ಅಂತಾರ. ನೀ ಏನ್ ಈಗ ಇಲ್ಲ ಅಂತೀ ಏನ? ಅಂತಿದ್ರ ಕಾರಣ ಹೇಳು."

ನಾನು ಹೂಂ ಎಂದದ್ದು ನಿಜ. ಒಂಬತ್ತು ಡಿಸೆಂಬರದ ಪುಟದಲ್ಲಿದೆ. ಕಾರಣವಿಲ್ಲದೆ ಮಾತು ಹಿಂದೆ ತೆಗೆದುಕೊಳ್ಳುವವಳಲ್ಲ. ಅವನು ಚಹಾ ಕುಡಿದು ಮುಗಿಸುವ ತನಕ ಕಾರಣ ಹುಡುಕಿದೆ. ಪುಸ್ತಕದಲ್ಲಿ ಓದಿದ ಯಾವ ಕಾರಣವೂ ಬಸಣ್ಣನಿಗೆ ಹೇಳುವಂಥದಾಗಿರಲಿಲ್ಲ. ಹೋಗಿಬಾ ಎಂದೆ. ಸಂಜೆ ರೊಟ್ಟಿ ನಾಲ್ಕು ಸುಟ್ಟವು. ಒಲೆ ಸರಿಯಿಲ್ಲ.

೧೫ ಅಕ್ಟೋಬರ್, ಮಂಗಳವಾರ. ಮಾನವಮಿ ಅಮಾವಾಸ್ಯೆ

ಇಂದು ಹಿರಿಯರಿಗೆ ಎಡೆ. ಯಾವ ದಿನ ಹೋದರೆಂದು ತಿಳಿಯದವರಿಗೂ ಇಂದೇ. ಅತ್ತೆ ಮಾಳಿಗೆಯ ಮೇಲೆ ಸಾಲಾಗಿ ಎಲೆ ಹಾಕುತ್ತ, ಪ್ರತಿ ಎಲೆಗೂ ಒಂದು ಹೆಸರು ಹೇಳಿ, ಒಂದೊಂದು ಬೈಗುಳವನ್ನೂ ಸೇರಿಸುತ್ತಿದ್ದರು. ಸೋನಾಬಾಯಿಯ ಎಲೆಗೆ ಎರಡು ಬಿದ್ದವು. ಕೊನೆಗೆ ಒಂದು ಎಲೆ ಉಳಿಯಿತು.

"ನಿನ್ನ ತವರಿನಾಂವ ಒಬ್ಬಾಂವ ನೀರಾಗ ಹೋಗ್ಯಾನಲ್ಲ. ಅಂವಗ ಯಾರ ಇಡತಾರ?"

"ಅವರು ತವರಿನವರಲ್ರಿ ಅತ್ತಿ. ಜರ್ಮನಿಯವರು. ಅವರಿಗಿ ಮಕ್ಕಳಿದ್ರು, ಅವರ ಪದ್ಧತಿನ ಬ್ಯಾರೆ..."

"ಇಟ್ಟಾರೋ ಇಲ್ಲೋ?"

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ ಇಡೂದು. ಭಾಳ ಅಂದ್ರ ಎರಡ ಊಟ ಆದಾವು. ಅಂವಗೇನ ಸೇರತಿತ್ತು?"

ಅದೂ ಗೊತ್ತಿರಲಿಲ್ಲ. ಇವರು, "ಶೇಂಗಾ ಹೋಳಿಗಿ ಹಾಕವ್ವ. ಅಂವನ ಇಂಜಿನ್ನಿಗಿ ಸೇರಿದ್ದು ಅಂವಗ ಸೇರಿರಂಗಿಲ್ಲೇನು?" ಎಂದರು.

"ಹೆಸರೇನಂವಂದು?"

"ರುಡಾಲ್ಫ್."

"ಏನ?"

"ರುಡಾಲ್ಫ್."

ಅತ್ತೆ ಎರಡು ಸಲ ಬಾಯಿ ತಿರುಗಿಸಿ ನೋಡಿದರು. "ರುದ್ರಪ್ಪ ಅಂತೀನಿ. ಅಂವಗ ತಿಳೀತೈತಿ."

ಕಾಗೆಗಳು ಬಂದವು. ಸಾಲಿನ ಎಲ್ಲ ಎಡೆ ಮುಟ್ಟಿದವು. ಸೋನಾಬಾಯಿಯದಂತೂ ಕ್ಷಣದಲ್ಲಿ ಖಾಲಿ. ಕೊನೆಯದರ ಹತ್ತಿರ ಒಂದೂ ಸುಳಿಯಲಿಲ್ಲ. ಒಂದು ಕಾಗೆ ಗೋಡೆಯ ಮೇಲೆ ಕುಳಿತು ಹೋಳಿಗೆಯನ್ನೇ ನೋಡುತ್ತಿತ್ತು, ಇಳಿಯಲಿಲ್ಲ. ಬಿಸಿಲು ಏರಿತು. ಕೆಳಗೆ ಎಲ್ಲರಿಗೂ ಹಸಿವು, ಹಿರಿಯರದಾಗದೆ ಊಟವಿಲ್ಲ.

"ಏನೋ ಆಸೆ ಉಳಸ್ಕೊಂಡ ಹೋಗ್ಯಾನ ನೋಡು," ಎಂದರು ಅತ್ತೆ. "ಕೊಡತೀವಿ ಅಂತ ಮಾತ ಕೊಡಬೇಕು. ಅಂದ್ರ ಮುಟ್ಟತೈತಿ."

ಇವರು ಕೈಮುಗಿದು, "ರುದ್ರಪ್ಪನವರ, ವರ್ಷಕ್ಕೊಮ್ಮಿ ಶೇಂಗಾ ಎಣ್ಣಿ ಮ್ಯಾಲ ಇಂಜಿನ್ ಓಡಸ್ತೀನ್ರಿ," ಎಂದರು. ಅತ್ತೆ ಇವರನ್ನು ನೋಡಿದ ನೋಟಕ್ಕೆ ಕಾಗೆಯೇ ಒಂದು ಹೆಜ್ಜೆ ಹಿಂದೆ ಸರಿಯಿತು. "ಗಂಡಸರ ಮಾತು ಕಾಗಿನೂ ಕೇಳೂದಿಲ್ಲ. ನೀ ಹೇಳವಾ. ನಿನ್ನ ತವರ ಮನಿಯಾಂವ, ನಿನಗ ತಿಳೀಬೇಕು."

ನಾನು ಎಲೆಯ ಮುಂದೆ ಕುಳಿತೆ. ತಣ್ಣಗಾದ ಹೋಳಿಗೆ, ಪಕ್ಕದಲ್ಲಿ ಒಂದು ಲೋಟ ನೀರು. ಮಡಿಸಿಟ್ಟ ಮೇಲಂಗಿ ನೆನಪಾಯಿತು. ಬಾವಿಯ ಕಡೆಯಿಂದ ಯಾರದೋ ಎಂಜಿನ್ನಿನ ಸದ್ದು ಬರುತ್ತಿತ್ತು.

"ಹೆಸರ ಹೋಗಗೊಡಂಗಿಲ್ರಿ," ಎಂದೆ. "ಬೋರ್ಡ್ ಇಳಸಂಗಿಲ್ಲ. ಊಟ ಮಾಡ್ರಿ."

ಕಾಗೆ ಇಳಿಯಿತು. ಹೋಳಿಗೆಯ ಅಂಚು ಕಚ್ಚಿತು, ಪೂರ್ತಿ ಎತ್ತಿಕೊಂಡು ಬೇವಿನ ಮರಕ್ಕೆ ಹಾರಿತು. ಅತ್ತೆ, "ಪಾಪ, ಎಷ್ಟ ಹಸದಿದ್ದ," ಎಂದು ಕಣ್ಣೊರೆಸಿಕೊಂಡು ಕೆಳಗೆ ಇಳಿದರು.

ನನ್ನ ಮಾತಿಗೂ ಕಾಗೆಗೂ ಸಂಬಂಧವಿದೆಯೆಂದು ನಾನು ಬರೆಯುತ್ತಿಲ್ಲ. ಒಂದಾದ ಮೇಲೆ ಒಂದು ನಡೆಯಿತು, ಅಷ್ಟೇ. ಆದರೆ ಕೊಟ್ಟ ಮಾತು ಕೊಟ್ಟದ್ದೇ. ನಾಳೆ ಮೊದಲ ಎಸ್.ಟಿ.ಗೆ ಸೊಲ್ಲಾಪುರಕ್ಕೆ ಹೋಗಿ ಬಸಣ್ಣನಿಗೆ ಹೇಳಬೇಕು: ಕೋಳಿ ಗೂಡಿಗೆ ಬೇರೆ ತಗಡು ನೋಡಿಕೊಳ್ಳಲಿ, ರುದ್ರಪ್ಪ ಡಿಝೇಲ್ ಅವರಿಗೆ ಮಾತು ಕೊಟ್ಟಾಗಿದೆ.